ಡೆಂಗಿ ವೈರಸ್‌ಗೆ ಔಷಧ ರೂಪಿಸುವುದು ಹೇಗೆ

ಡೆಂಗಿ ಜ್ವರ ಶುರುವಾದ ಮೊದಲ ಒಂದೆರಡು ದಿನದಲ್ಲೇ ರಕ್ತದಲ್ಲಿ ವೈರಸ್ ಪ್ರಮಾಣ ತುತ್ತತುದಿ ಮುಟ್ಟಿರುತ್ತದೆ. ನಾಲ್ಕೈದು ದಿನಕ್ಕೆ ಬಹುಪಾಲು ಇಳಿದುಹೋಗುತ್ತದೆ. ರೋಗಿಗೆ ನಿಜವಾದ ಅಪಾಯವಾದ ಪ್ಲಾಸ್ಮಾ ಸೋರಿಕೆ (ರಕ್ತದ ದ್ರವಭಾಗ ರಕ್ತನಾಳದಿಂದ ಹೊರಸೋರುವುದು) ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ. ಆ ಹೊತ್ತಿಗೆ ವೈರಸ್ ಆಗಲೇ ಹಿಮ್ಮೆಟ್ಟುತ್ತಿರುತ್ತದೆ. ಹಾಗಾಗಿ ವೈರಸ್ಸನ್ನೇ ಹೊಡೆಯುವ ಔಷಧಕ್ಕೆ ಸಿಗುವ ಅವಕಾಶ ಸುಮಾರು 48 ಗಂಟೆ, ಅಷ್ಟೇ. ಈ ಲೆಕ್ಕ ಹಾಕದೆ ಪ್ರಯೋಗಾಲಯಕ್ಕೆ ಇಳಿದರೆ ಪ್ಲೇಟಿನಲ್ಲಿ ಗೆದ್ದು ರೋಗಿಯಲ್ಲಿ ಸೋಲುವ ಅಣುವೇ ಕೈಗೆ ಬರುತ್ತದೆ.

ಆದ್ದರಿಂದ ಮೊದಲ ಕೆಲಸ ಕಾಗದದ ಮೇಲಿನದು. ಕೊನೆಗೆ ಬೇಕಾದ ಔಷಧ ಹೇಗಿರಬೇಕು ಎಂದು ಒಂದು ಪುಟದಲ್ಲಿ ಬರೆದಿಡಿ. ಡೆಂಗಿ ವೈರಸ್ಸಿನ ನಾಲ್ಕೂ ಬಗೆಗಳ, ಅಂದರೆ ಸೀರೋಟೈಪ್‌ಗಳ, ಮೇಲೆ ಕೆಲಸ ಮಾಡಬೇಕು. ಬಾಯಿಂದ ನುಂಗುವ ಮಾತ್ರೆಯಾಗಿರಬೇಕು, ದಿನಕ್ಕೆ ಒಂದು ಅಥವಾ ಎರಡು ಬಾರಿ, ಐದಾರು ದಿನ. ಮೊದಲ ಡೋಸ್‌ನಲ್ಲೇ, ಕೆಲವೇ ಗಂಟೆಗಳಲ್ಲಿ, ರಕ್ತದಲ್ಲಿ ಬೇಕಾದ ಮಟ್ಟ ಮುಟ್ಟಬೇಕು. ಡೆಂಗಿಯಲ್ಲಿ ಯಕೃತ್ತಿನ ಕಿಣ್ವಗಳು ಏರುತ್ತವೆ, ಪ್ಲೇಟ್‌ಲೆಟ್ ಕುಸಿಯುತ್ತದೆ. ಆದ್ದರಿಂದ ಯಕೃತ್ತಿಗೂ ಅಸ್ಥಿಮಜ್ಜೆಗೂ ಹೊರೆಯಾಗುವ ಅಣು ಎಷ್ಟೇ ಪ್ರಬಲವಾಗಿದ್ದರೂ ಬೇಡ. ಮಕ್ಕಳಿಗೂ ಗರ್ಭಿಣಿಯರಿಗೂ ಕೊಡುವಂತಿರಬೇಕು ಎಂಬ ಷರತ್ತು ಅತ್ಯಂತ ಕಠಿಣ, ಅದನ್ನು ಕೊನೆಗೆ ಸೇರಿಸಲು ಬರುವುದಿಲ್ಲ. ಮುಂದಿನ ಪ್ರತಿ ಪರೀಕ್ಷೆಯನ್ನೂ ಈ ಪುಟಕ್ಕೆ ಹಿಡಿದು ನೋಡಿ.

ಗುರಿ ಆರಿಸುವುದು

ಡೆಂಗಿ ವೈರಸ್ಸಿನ ಜೀನೋಮ್ ಸುಮಾರು 10,700 ಅಕ್ಷರಗಳ ಆರ್‌ಎನ್‌ಎ ಎಳೆ. ಅದರಿಂದ ಹುಟ್ಟುವುದು 10 ಪ್ರೋಟೀನ್: ಮೂರು ಕಣದ ಕವಚಕ್ಕೆ, ಏಳು ಜೀವಕೋಶದೊಳಗಿನ ನಕಲು ಕೆಲಸಕ್ಕೆ. ಔಷಧಕ್ಕೆ ಒದಗುವ ಗುರಿಗಳು ಹೆಚ್ಚಾಗಿ ಎರಡನೇ ಗುಂಪಿನಲ್ಲಿವೆ, ಅವುಗಳ ಹೆಸರು ಎನ್‌ಎಸ್ ಎಂದು ಶುರುವಾಗುತ್ತದೆ.

ಎನ್‌ಎಸ್‌5ರಲ್ಲಿರುವ ಪಾಲಿಮರೇಸ್ ಕಿಣ್ವ ಆರ್‌ಎನ್‌ಎ ನಕಲು ಮಾಡುತ್ತದೆ. ಸೀರೋಟೈಪ್‌ಗಳ ನಡುವೆ ಹೆಚ್ಚು ಬದಲಾಗದ ಭಾಗ ಇದು. ಆರ್‌ಎನ್‌ಎ ಅಕ್ಷರಗಳನ್ನು ಹೋಲುವ ನ್ಯೂಕ್ಲಿಯೊಸೈಡ್ ಅಣುಗಳು ಹೊಡೆಯುವುದು ಇಲ್ಲಿಗೇ. ಆದರೆ ಆ ಅಣು ತಾನಾಗಿ ಕೆಲಸ ಮಾಡದು. ಜೀವಕೋಶದೊಳಗೆ ಮೂರು ಫಾಸ್ಫೇಟ್ ಸೇರಿದ ಮೇಲೆಯೇ ಅದು ಔಷಧ. ಎನ್‌ಎಸ್‌2ಬಿ–ಎನ್‌ಎಸ್‌3 ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಹೊರನೋಟಕ್ಕೆ ಸುಲಭದ ಗುರಿ, ಏಕೆಂದರೆ ಎಚ್‌ಐವಿ ಮತ್ತು ಹೆಪಟೈಟಿಸ್ ಸಿಯಲ್ಲಿ ಪ್ರೋಟಿಯೇಸ್ ಔಷಧಗಳು ಗೆದ್ದಿವೆ. ಡೆಂಗಿಯಲ್ಲಿ ಆ ಕಿಣ್ವದ ಸಕ್ರಿಯ ತಾಣ ಚಪ್ಪಟೆ, ಆಳವಿಲ್ಲ. ಜೊತೆಗೆ ಅದು ಕತ್ತರಿಸುವುದು ಎರಡು ಧನಾತ್ಮಕ ಅಮಿನೋ ಆಮ್ಲಗಳು ಒತ್ತೊತ್ತಿಗೆ ಇರುವ ಕಡೆ. ಅದಕ್ಕೆ ಚೆನ್ನಾಗಿ ಅಂಟುವ ಅಣುವೂ ವಿದ್ಯುದಾವೇಶದಿಂದ ತುಂಬಿರುತ್ತದೆ, ಅಂಥದ್ದು ಕೋಶಪೊರೆ ದಾಟುವುದಿಲ್ಲ. ಕಿಣ್ವದ ಪರೀಕ್ಷೆಯಲ್ಲಿ ನ್ಯಾನೋಮೋಲಾರ್ (ಅತ್ಯಲ್ಪ ಸಾಂದ್ರತೆಯಲ್ಲೇ ಕೆಲಸ), ಜೀವಕೋಶದಲ್ಲಿ ಶೂನ್ಯ ಎಂಬ ಫಲಿತಾಂಶ ಈ ಗುರಿಯಲ್ಲಿ ಮತ್ತೆ ಮತ್ತೆ ಬರುವುದು ಇದಕ್ಕೇ.

ಕಿಣ್ವದ ಚಟುವಟಿಕೆಯೇ ಇಲ್ಲದ ಎನ್‌ಎಸ್‌4ಬಿ ಈಗ ಹೆಚ್ಚು ಭರವಸೆ ಕೊಡುತ್ತಿರುವ ಗುರಿ. ಜೆಎನ್‌ಜೆ-ಎ07 ಎಂಬ ಅಣು ಎನ್‌ಎಸ್‌3 ಮತ್ತು ಎನ್‌ಎಸ್‌4ಬಿ ಪರಸ್ಪರ ಕೂಡುವುದನ್ನೇ ತಡೆಯುತ್ತದೆ. 2021ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ರೋಗಿಗಳಿಂದ ಪಡೆದ 21 ಬಗೆಯ ವೈರಸ್‌ಗಳ ಮೇಲೆ ನ್ಯಾನೋಮೋಲಾರ್‌ನಿಂದ, ಅದಕ್ಕಿಂತ ಸಾವಿರ ಪಟ್ಟು ಚಿಕ್ಕದಾದ ಪಿಕೋಮೋಲಾರ್ ಮಟ್ಟದ ಪ್ರಬಲತೆ ಇತ್ತು. ಇಂಥ ಗುರಿಯನ್ನು ಕಿಣ್ವದ ಪರೀಕ್ಷೆಯಿಂದ ಹುಡುಕಲು ಸಾಧ್ಯವೇ ಇಲ್ಲ. ಆದ್ದರಿಂದ ಹೊಸದಾಗಿ ಶುರುಮಾಡುವವರಿಗೆ ನಮ್ಮ ಸಲಹೆ: ಗುರಿ ಮೊದಲು ಹಿಡಿದು ಅಣು ಹುಡುಕುವುದಕ್ಕಿಂತ, ಸೋಂಕಿತ ಜೀವಕೋಶದಲ್ಲಿ ಅಣು ಹುಡುಕಿ ಗುರಿಯನ್ನು ಆಮೇಲೆ ಪತ್ತೆಮಾಡಿ.

ಒಂದೇ ಔಷಧ ಡೆಂಗಿಗೂ ಚಿಕೂನ್‌ಗುನ್ಯಾಕ್ಕೂ ಆಗಲಿ ಎಂಬ ಆಸೆ ಸಹಜ. ಡೆಂಗಿ, ಜೀಕಾ, ಹಳದಿ ಜ್ವರ ಫ್ಲೇವಿವೈರಸ್‌ಗಳು. ಚಿಕೂನ್‌ಗುನ್ಯಾ ಆಲ್ಫಾವೈರಸ್, ಬೇರೆಯೇ ಕುಟುಂಬ. ಎರಡಕ್ಕೂ ಸಮಾನವಾಗಿ ಸಿಗಬಹುದಾದ ಗುರಿಯೆಂದರೆ ಪಾಲಿಮರೇಸ್ ಅಥವಾ ಮನುಷ್ಯ ಜೀವಕೋಶದ ಯಾವುದಾದರೂ ಪ್ರೋಟೀನ್. ಎರಡರಲ್ಲೂ ವಿಷಗುಣದ ಅಂಚು ಕಿರಿದು. ಮೊದಲ ಯೋಜನೆಗೆ ಒಂದೇ ಕುಟುಂಬ ಸಾಕು.

ವೈರಸ್ ದಾಸ್ತಾನು ಮತ್ತು ಪ್ಲೇಕ್ ಎಣಿಕೆ

ಡೆಂಗಿ ಮತ್ತು ಜೀಕಾ ಕೆಲಸ ಸಾಮಾನ್ಯವಾಗಿ ಜೈವಿಕ ಸುರಕ್ಷತೆಯ ಎರಡನೇ ಹಂತದ, ಅಂದರೆ ಬಿಎಸ್‌ಎಲ್-2, ಪ್ರಯೋಗಾಲಯದಲ್ಲಿ ನಡೆಯುತ್ತದೆ. ಚಿಕೂನ್‌ಗುನ್ಯಾಕ್ಕೆ ಹಲವು ದೇಶಗಳಲ್ಲಿ ಬಿಎಸ್‌ಎಲ್-3 ಬೇಕು. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಕೈಗೆ ಬರುವವರೆಗೆ ವೈಯಲ್ ತೆರೆಯಬೇಡಿ.

ಡೆಂಗಿ ವೈರಸ್ಸನ್ನು ಸಿ6/36 ಎಂಬ ಸೊಳ್ಳೆಯ ಜೀವಕೋಶದಲ್ಲಿ, 28 ಡಿಗ್ರಿ ಸೆಲ್ಸಿಯಸ್‌ನಲ್ಲಿ, 5ರಿಂದ 7 ದಿನ ಬೆಳೆಸುತ್ತಾರೆ. ಮೇಲಿನ ದ್ರವ ತೆಗೆದು, ಕೋಶದ ಚೂರುಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ಇಳಿಸಿ, ಸೀರಂ 20 ಶೇಕಡಾ ಆಗುವಂತೆ ಸೇರಿಸಿ, ಅರ್ಧ ಮಿ.ಲೀ.ನಂತೆ ಹಂಚಿ ಮೈನಸ್ 80 ಡಿಗ್ರಿಯಲ್ಲಿ ಇಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಈ ವೈರಸ್ ನಾಜೂಕು, 37 ಡಿಗ್ರಿಯಲ್ಲಿ ಸುಮ್ಮನಿಟ್ಟರೆ ಕೆಲವು ಗಂಟೆಗಳಲ್ಲೇ ಸೋಂಕುಶಕ್ತಿ ಕುಸಿಯುತ್ತದೆ. ಬೆಳಿಗ್ಗೆ ಕರಗಿಸಿ ಮಧ್ಯಾಹ್ನ ಬಳಸಿದರೆ ಎರಡು ದಿನದ ಅಂಕಿಗಳು ಹೊಂದುವುದಿಲ್ಲ.

ಪ್ಲೇಕ್ ಎಂದರೆ ವೈರಸ್ ಕೋಶಗಳನ್ನು ಕೊಂದು ಹಾಸಿನಲ್ಲಿ ಮಾಡಿದ ತೂತು. ಅವುಗಳ ಎಣಿಕೆಗೆ 24 ವೆಲ್‌ಗಳ (ಪುಟ್ಟ ಗುಳಿಗಳ) ಪ್ಲೇಟಿನಲ್ಲಿ ಬಿಎಚ್‌ಕೆ-21 ಎಂಬ ಹ್ಯಾಮ್‌ಸ್ಟರ್ ಜೀವಕೋಶ ಬಿತ್ತಿ, ಮರುದಿನ ಹಾಸು ಪೂರ್ತಿ ಮುಚ್ಚಿಕೊಂಡ ಮೇಲೆ ವೈರಸ್ಸನ್ನು ಹತ್ತು ಪಟ್ಟಿನಂತೆ ತೆಳುಮಾಡುತ್ತ ವೆಲ್‌ಗೆ 0.2 ಮಿ.ಲೀ. ಹಾಕಿ. ಒಂದು ಗಂಟೆ ಇಟ್ಟು, 15 ನಿಮಿಷಕ್ಕೊಮ್ಮೆ ಮೆಲ್ಲಗೆ ಓಲಾಡಿಸಿ. ಇಲ್ಲದಿದ್ದರೆ ನಡುವಿನ ಜೀವಕೋಶ ಒಣಗಿ ಸಾಯುತ್ತವೆ, ಆ ಖಾಲಿ ಜಾಗ ಪ್ಲೇಕ್‌ನಂತೆಯೇ ಕಾಣುತ್ತದೆ. ಮೇಲೆ 0.8 ಶೇಕಡಾ ಮೀಥೈಲ್‌ಸೆಲ್ಯುಲೋಸ್ ಇರುವ ಮಾಧ್ಯಮ ಸುರಿದು 5–6 ದಿನ ಅಲುಗಿಸದೆ ಬಿಡಿ. ಅಲುಗಿದರೆ ಪ್ಲೇಕ್‌ಗಳಿಗೆ ಧೂಮಕೇತುವಿನಂತೆ ಬಾಲ ಬರುತ್ತದೆ. ಕೊನೆಗೆ ಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ. 10,000 ಪಟ್ಟು ತೆಳುವಾದ ವೆಲ್‌ನಲ್ಲಿ 22 ಪ್ಲೇಕ್ ಸಿಕ್ಕರೆ, 22 × 10,000 ÷ 0.2, ಅಂದರೆ ಮಿ.ಲೀ.ಗೆ 11 ಲಕ್ಷ ಸೋಂಕುಕಣ.

ಮುಖ್ಯ ಸ್ಕ್ರೀನ್

ಅನೇಕ ಅಣುಗಳನ್ನು ಸೋಂಕಿತ ಜೀವಕೋಶದ ಮೇಲೆ ಒಟ್ಟಿಗೆ ಪರೀಕ್ಷಿಸುವುದೇ ಸ್ಕ್ರೀನ್. ಇಲ್ಲಿ ಜೀವಕೋಶದ ಆಯ್ಕೆಯೇ ಅರ್ಧ ಕೆಲಸ. ವೀರೋ ಜೀವಕೋಶದಲ್ಲಿ ವೈರಸ್ ಸೊಗಸಾಗಿ ಬೆಳೆಯುತ್ತದೆ, ಏಕೆಂದರೆ ಆ ಕೋಶ ವೈರಸ್ ತಡೆಯುವ ಪ್ರೋಟೀನ್ ಆದ ಟೈಪ್-1 ಇಂಟರ್‌ಫೆರಾನ್ ತಯಾರಿಸುವುದಿಲ್ಲ. ಆದರೆ ಅದು ಆಫ್ರಿಕನ್ ಮಂಗದ ಮೂತ್ರಪಿಂಡದ ಕೋಶ, ಮನುಷ್ಯನ ಯಕೃತ್ತಾಗಲಿ ರಕ್ತಕೋಶವಾಗಲಿ ಅಲ್ಲ. ಹೆಪಟೈಟಿಸ್ ಸಿಯ ನ್ಯೂಕ್ಲಿಯೊಸೈಡ್ ಬಗೆಯ ಔಷಧವಾದ ಸೊಫೊಸ್‌ಬುವಿರ್ ಜೀಕಾ ವೈರಸ್ಸನ್ನು ಹಹ್-7 ಎಂಬ ಮನುಷ್ಯ ಯಕೃತ್ ಕೋಶದಲ್ಲಿ ತಡೆಯುತ್ತದೆ, ವೀರೋದಲ್ಲಿ ತಡೆಯುವುದಿಲ್ಲ. ಫಾಸ್ಫೇಟ್ ಸೇರಿಸುವ ಸಾಮರ್ಥ್ಯ ಕೋಶದಿಂದ ಕೋಶಕ್ಕೆ ಅಷ್ಟು ಬೇರೆ. ಉಲ್ಟಾ ಮೋಸವೂ ಇದೆ. ಮಲೇರಿಯಾ ಔಷಧ ಕ್ಲೋರೊಕ್ವಿನ್ ಪ್ಲೇಟಿನಲ್ಲಿ ಚಿಕೂನ್‌ಗುನ್ಯಾವನ್ನು ತಡೆಯಿತು. ಮಕಾಕ್ ಮಂಗಗಳಿಗೆ ಕೊಟ್ಟಾಗ ಸೋಂಕನ್ನೇ ಹೆಚ್ಚಿಸಿತು. ಮೊದಲ ಸುತ್ತನ್ನು ಹಹ್-7ರಲ್ಲಿ ಮಾಡಿ, ಆಯ್ದ ಅಣುಗಳನ್ನು ಮನುಷ್ಯ ರಕ್ತದಿಂದ ಪಡೆದ ಮೋನೋಸೈಟ್ ಅಥವಾ ಡೆಂಡ್ರಿಟಿಕ್ ಕೋಶದಲ್ಲಿ ಮತ್ತೆ ನೋಡಿ. ವೀರೋ ಮೂರನೆಯದಾಗಿ ಇರಲಿ.

ಅಣುಗಳನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ 10 ಮಿಲಿಮೋಲಾರ್ ದಾಸ್ತಾನಾಗಿ ಮಾಡಿ. 200 ಪಟ್ಟು ತೆಳುಮಾಡಿದರೆ ಗರಿಷ್ಠ 50 ಮೈಕ್ರೋಮೋಲಾರ್, ಡಿಎಂಎಸ್‌ಒ 0.5 ಶೇಕಡಾ. ಅಲ್ಲಿಂದ ಮೂರು ಪಟ್ಟಿನಂತೆ ಏಳು ಮೆಟ್ಟಿಲು ಇಳಿಸಿದರೆ 0.02 ಮೈಕ್ರೋಮೋಲಾರ್ ತಲುಪುತ್ತೀರಿ. ಈ ಮೆಟ್ಟಿಲುಗಳನ್ನು ಮಾಧ್ಯಮದಲ್ಲಲ್ಲ, ಡಿಎಂಎಸ್‌ಒನಲ್ಲೇ ಮಾಡಿ, ಆಮೇಲೆ ಮಾಧ್ಯಮಕ್ಕೆ ವರ್ಗಾಯಿಸಿ. ಮಾಧ್ಯಮದಲ್ಲಿ ಇಳಿಸಿದರೆ ವೆಲ್‌ನಿಂದ ವೆಲ್‌ಗೆ ಡಿಎಂಎಸ್‌ಒ ಬದಲಾಗುತ್ತದೆ, ಡಿಎಂಎಸ್‌ಒಗೇ ಡೆಂಗಿಯ ಬೆಳವಣಿಗೆ ತಗ್ಗುವುದನ್ನು ಅಣುವಿನ ಗುಣವೆಂದು ಬಗೆಯುತ್ತೀರಿ. ಕಡಿಮೆ ಕರಗುವ ಅಣು ನೀರಿನಲ್ಲಿ ಹರಳುಗಟ್ಟಿ ಕೂರುವ ತೊಂದರೆಯೂ ಬೇರೆ.

384 ವೆಲ್‌ಗಳ ಪ್ಲೇಟಿನಲ್ಲಿ ವೆಲ್‌ಗೆ ಸುಮಾರು 3,000–5,000 ಜೀವಕೋಶ ಬಿತ್ತಿ. ಬಿತ್ತಿದ ಕೂಡಲೇ ಇನ್‌ಕ್ಯುಬೇಟರ್‌ಗೆ ತಳ್ಳದೆ ಅರ್ಧ ಗಂಟೆ ಹೊರಗಿಟ್ಟರೆ ಜೀವಕೋಶ ಸಮವಾಗಿ ಕೂರುತ್ತವೆ. ಅಂಚಿನ ಎರಡು ಸಾಲಿಗೆ ಬರೀ ಮಾಧ್ಯಮ. ಅಲ್ಲಿ ಆವಿಯಾಗುವುದು ಜಾಸ್ತಿ. ಮರುದಿನ ಅಣು, ನಂತರ ವೈರಸ್. ಡೆಂಗಿಗೆ 48ರಿಂದ 72 ಗಂಟೆ. ಆಮೇಲೆ ಸ್ಥಿರಗೊಳಿಸಿ, ಫ್ಲೇವಿವೈರಸ್ ಕವಚ ಗುರುತಿಸುವ 4ಜಿ2 ಆಂಟಿಬಾಡಿ ಮತ್ತು ನ್ಯೂಕ್ಲಿಯಸ್ ಬಣ್ಣ ಎರಡನ್ನೂ ಹಾಕಿ ಚಿತ್ರ ತೆಗೆಯಿರಿ. ಒಂದೇ ವೆಲ್‌ನಲ್ಲಿ ಎಷ್ಟು ಕೋಶ ಸೋಂಕಿತ, ಎಷ್ಟು ಉಳಿದಿವೆ ಎರಡೂ ತಿಳಿಯುತ್ತದೆ. ಔಷಧವಿಲ್ಲದ ವೆಲ್‌ನಲ್ಲಿ ಸೋಂಕು 30ರಿಂದ 60 ಶೇಕಡಾ ಬರುವಂತೆ ವೈರಸ್ ಪ್ರಮಾಣ ಹೊಂದಿಸಿ. 90 ಶೇಕಡಾ ದಾಟಿಸಿದರೆ ಪರೀಕ್ಷೆ ಮೊಂಡಾಗುತ್ತದೆ, ಒಳ್ಳೆಯ ಅಣುವೂ ದುರ್ಬಲವಾಗಿ ಕಾಣುತ್ತದೆ.

ಪ್ರತಿ ಪ್ಲೇಟಿನಲ್ಲೂ ಗೊತ್ತಿರುವ ಒಂದು ಔಷಧ ಇರಲಿ. ಎನ್‌ಐಟಿಡಿ008 ಎಂಬ ನ್ಯೂಕ್ಲಿಯೊಸೈಡ್ ಬಳಸಿದರೆ ಡೆಂಗಿ-2ರ ಮೇಲೆ ಪ್ರಕಟಿತ ಇಸಿ50 (ವೈರಸ್ಸನ್ನು ಅರ್ಧ ತಡೆಯುವ ಸಾಂದ್ರತೆ) ಮೌಲ್ಯ 0.64 ಮೈಕ್ರೋಮೋಲಾರ್, ನಿಮ್ಮದು ಅದರಿಂದ ಮೂರು ಪಟ್ಟಿಗಿಂತ ಆಚೀಚೆ ಹೋದರೆ ಪ್ಲೇಟ್ ಬದಿಗಿಟ್ಟು ಕಾರಣ ಹುಡುಕಿ. ಝಡ್-ಪ್ರೈಮ್ (ಪ್ಲೇಟಿನ ಫಲಿತಾಂಶವನ್ನು ಎಷ್ಟು ನಂಬಬಹುದು ಎಂಬ ಅಳತೆ) 0.5ಕ್ಕಿಂತ ಕೆಳಗಿದ್ದರೂ ಹಾಗೆಯೇ. ಜೀವಕೋಶಗಳ ನಡುವೆ ನುಸುಳುವ ಬ್ಯಾಕ್ಟೀರಿಯವಾದ ಮೈಕೋಪ್ಲಾಸ್ಮಾ ಪರೀಕ್ಷೆ ತಿಂಗಳಿಗೊಮ್ಮೆ ಮಾಡಿ. ಅದು ಹೊಕ್ಕ ಕೋಶದಲ್ಲಿ ನ್ಯೂಕ್ಲಿಯೊಸೈಡ್‌ಗಳ ಚಯಾಪಚಯವೇ ಬದಲಾಗುತ್ತದೆ.

ಸುಳ್ಳು ಹಿಟ್‌ಗಳನ್ನು ಕಳೆಯುವುದು

ಸ್ಕ್ರೀನ್ ಮುಗಿದಾಗ ಕಾಣುವ ಹಿಟ್‌ಗಳಲ್ಲಿ, ಅಂದರೆ ವೈರಸ್ಸನ್ನು ತಡೆದಂತೆ ಕಂಡ ಅಣುಗಳಲ್ಲಿ, ಹೆಚ್ಚಿನವು ಔಷಧವಾಗುವಂಥವಲ್ಲ. ಈ ಹಂತದಲ್ಲಿ ನಿರ್ದಯವಾಗಿರುವುದೇ ಮುಂದಿನ ರೋಗಿಗೆ ಮಾಡುವ ಉಪಕಾರ.

ಮೊದಲ ಜರಡಿ ಯೂರಿಡಿನ್, ಅಂದರೆ ಪಿರಿಮಿಡಿನ್ ಬಗೆಯ ಆರ್‌ಎನ್‌ಎ ಕಚ್ಚಾಸಾಮಗ್ರಿ. ಡಿಎಚ್‌ಒಡಿಎಚ್ ಎಂಬ ಮನುಷ್ಯ ಕಿಣ್ವವನ್ನು ತಡೆಯುವ ಅಣುಗಳು ಜೀವಕೋಶದಲ್ಲಿ ಪಿರಿಮಿಡಿನ್ ಬರಿದುಮಾಡುತ್ತವೆ. ಆರ್‌ಎನ್‌ಎಗೆ ಕಚ್ಚಾಸಾಮಗ್ರಿ ಸಿಗದೆ ಬಹುತೇಕ ಎಲ್ಲ ವೈರಸ್ ನಿಲ್ಲುತ್ತದೆ. ಪ್ಲೇಟಿನಲ್ಲಿ ನ್ಯಾನೋಮೋಲಾರ್ ಪ್ರಬಲತೆ ಕಂಡು ಮನಸ್ಸು ಹಿಗ್ಗುತ್ತದೆ. ದೇಹದ ರಕ್ತದಲ್ಲಿ ಯೂರಿಡಿನ್ ಹರಿಯುತ್ತಲೇ ಇರುವುದರಿಂದ ಅಲ್ಲಿ ಈ ಪ್ರಭಾವ ಕರಗಿಹೋಗುತ್ತದೆ. ಮಾಧ್ಯಮಕ್ಕೆ 100 ಮೈಕ್ರೋಮೋಲಾರ್ ಯೂರಿಡಿನ್ ಸೇರಿಸಿ ಮತ್ತೆ ಅಳೆಯಿರಿ. ಪ್ರಬಲತೆ ಮಾಯವಾದರೆ ಆ ಅಣುವನ್ನು ಕೈಬಿಡಿ. ಇದೇ ಬಗೆಯಲ್ಲಿ, ಗ್ವಾನೋಸಿನ್ ಸೇರಿಸಿದಾಗ ಮಾಯವಾದರೆ ಅದು ಐಎಂಪಿಡಿಎಚ್ ಎಂಬ ಮನುಷ್ಯ ಕಿಣ್ವವನ್ನು ತಡೆಯುವ ಅಣು.

ಎರಡನೆಯದು ಎಣ್ಣೆಗುಣದ ಕ್ಷಾರಗಳು: ಒಂದು ಕಡೆ ಜಿಡ್ಡಿನ ಉಂಗುರ, ಇನ್ನೊಂದು ಕಡೆ ಅಮೀನ್. ಇವು ಕೋಶದ ಕಸ ಅರಗಿಸುವ ಚೀಲವಾದ ಲೈಸೋಸೋಮ್‌ನಲ್ಲಿ ಸೇರಿಕೊಂಡು ಫಾಸ್ಫೋಲಿಪಿಡೋಸಿಸ್ (ಕೊಬ್ಬಿನಂಶ ಕಟ್ಟಿಕೊಳ್ಳುವುದು) ಉಂಟುಮಾಡುತ್ತವೆ, ವೈರಸ್ಸಿಗೆ ಬೇಕಾದ ಪೊರೆಗಳೇ ಕೆಡುತ್ತವೆ. ಹಳೆಯ ಔಷಧಗಳನ್ನು ಹೊಸ ವೈರಸ್ಸಿನ ಮೇಲೆ ಪರೀಕ್ಷಿಸಿದಾಗ ಸಿಗುವ ಹಿಟ್‌ಗಳಲ್ಲಿ ಇಂಥವು ತುಂಬಾ. ಫ್ಲೋರೆಸೆಂಟ್ ಫಾಸ್ಫೋಲಿಪಿಡ್ ಬಣ್ಣದಿಂದ ಒಂದೇ ದಿನದಲ್ಲಿ ಪತ್ತೆಮಾಡಬಹುದು.

ಕಿಣ್ವದ ಪರೀಕ್ಷೆಯಲ್ಲಾದರೆ ಅಣುಗಳು ಗುಂಪುಗೂಡಿ ಪ್ರೋಟೀನನ್ನು ಅಂಟಿಸಿಕೊಳ್ಳುವ ಕಾಟ ಇದೆ. 0.01 ಶೇಕಡಾ ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ ಸೇರಿಸಿದಾಗ ತಡೆ ಮಾಯವಾದರೆ ಅದು ನಿಜವಾದ ಹಿಟ್ ಅಲ್ಲ. ವೈರಸ್ ಕಣವನ್ನೇ ಸಾಬೂನಿನಂತೆ ಒಡೆಯುವ ಅಣುಗಳನ್ನು ಗುರುತಿಸಲು, ವೈರಸ್ ಮತ್ತು ಅಣುವನ್ನು ಒಂದು ಗಂಟೆ ಬೆರೆಸಿಟ್ಟು, ಅಣುವಿನ ಸಾಂದ್ರತೆ ಇಸಿ50ಕ್ಕಿಂತ ಬಹಳ ಕೆಳಗಿಳಿಯುವಷ್ಟು ತೆಳುಮಾಡಿ ಪ್ಲೇಕ್ ಎಣಿಸಿ. ಉಳಿದ ಅಣುಗಳನ್ನು ಹೊಸ ಪುಡಿಯಾಗಿ ತರಿಸಿ, ಶುದ್ಧತೆ ಅಳೆದು, ಸೋಂಕುಕಣದ ಎಣಿಕೆಯಲ್ಲೇ ಮತ್ತೆ ನೋಡಿ. ಹಳೆಯ ಡಿಎಂಎಸ್‌ಒ ದಾಸ್ತಾನಿನಲ್ಲಿ ಒಡೆದ ಚೂರೊಂದೇ ಕೆಲಸ ಮಾಡುತ್ತಿದ್ದದ್ದು ಇಲ್ಲಿ ಬಯಲಾಗುತ್ತದೆ.

ಎಷ್ಟು ಪ್ರಬಲವಾಗಿದ್ದರೆ ಸಾಕು

ಆಯ್ಕೆ ಸೂಚ್ಯಂಕ, ಅಂದರೆ ಸಿಸಿ50ಯನ್ನು (ಅರ್ಧದಷ್ಟು ಜೀವಕೋಶ ಸಾಯುವ ಸಾಂದ್ರತೆಯನ್ನು) ಇಸಿ50ರಿಂದ ಭಾಗಿಸಿದ್ದು, 10ಕ್ಕಿಂತ ಮೇಲಿದ್ದರೆ ಹಿಟ್ ಎನ್ನುವುದು ವಾಡಿಕೆ. ಈ ಒಂದು ಅಂಕಿಯನ್ನು ನಂಬಿ ಮುಂದೆ ಹೋಗಬೇಡಿ. ಲೆಕ್ಕ ನೋಡಿ.

ಇಸಿ50 ಮೌಲ್ಯ 2 ಮೈಕ್ರೋಮೋಲಾರ್, ಸಿಸಿ50 ಮೌಲ್ಯ 60. ಸೂಚ್ಯಂಕ 30, ಚೆಂದವಾಗಿದೆ. ಆದರೆ ವೈರಸ್ಸನ್ನು ಅರ್ಧ ತಡೆದರೆ ರೋಗಿಗೆ ಏನೂ ಆಗದು, ಕನಿಷ್ಠ 90 ಶೇಕಡಾ ತಡೆಯಬೇಕು. ವಕ್ರರೇಖೆಯ ಇಳಿಜಾರು 1 ಇದ್ದರೆ ಇಸಿ90 ಎಂಬುದು ಇಸಿ50ರ ಒಂಬತ್ತು ಪಟ್ಟು, ಅಂದರೆ 18 ಮೈಕ್ರೋಮೋಲಾರ್. ವಿಷಗುಣಕ್ಕೆ ಉಳಿದ ಅಂತರ ಮೂರೇ ಪಟ್ಟು. ಇನ್ನು, ರಕ್ತದಲ್ಲಿ ಅಣುವಿನ 95 ಶೇಕಡಾ ಪ್ರೋಟೀನ್‌ಗೆ ಅಂಟಿಕೊಂಡರೆ ಕೆಲಸಕ್ಕೆ ಸಿಗುವುದು ಇಪ್ಪತ್ತರಲ್ಲಿ ಒಂದು ಪಾಲು. ಒಟ್ಟು ಮಟ್ಟ 360 ಮೈಕ್ರೋಮೋಲಾರ್ ಬೇಕು. ಅಣುತೂಕ 450 ಆದರೆ ಲೀಟರಿಗೆ 162 ಮಿ.ಗ್ರಾಂ. ಅದನ್ನು ದಿನವಿಡೀ ಹಿಡಿದಿಡುವ ಮಾತ್ರೆ ಆಗುವ ಮಾತಲ್ಲ. ಅದೇ ಲೆಕ್ಕವನ್ನು 5 ನ್ಯಾನೋಮೋಲಾರ್ ಅಣುವಿಗೆ ಹಾಕಿ: ಇಸಿ90 45 ನ್ಯಾನೋಮೋಲಾರ್, ಒಟ್ಟು 0.9 ಮೈಕ್ರೋಮೋಲಾರ್, ಲೀಟರಿಗೆ ಸುಮಾರು 0.4 ಮಿ.ಗ್ರಾಂ. ಇದು ಸಾಧ್ಯ. ಮೈಕ್ರೋಮೋಲಾರ್ ಹಿಟ್ ಎಂಬುದು ರಸಾಯನಶಾಸ್ತ್ರಜ್ಞರಿಗೆ ಕೊಡುವ ಬೀಜ. ಅದನ್ನು ಕನಿಷ್ಠ ನೂರು ಪಟ್ಟು ಹರಿತಗೊಳಿಸದೆ ಪ್ರಾಣಿಗಳವರೆಗೆ ಒಯ್ಯುವುದರಲ್ಲಿ ಅರ್ಥವಿಲ್ಲ.

ಪ್ರೋಟೀನ್ ಅಂಟಿಕೆಯ ಹೊಡೆತ ಅಂದಾಜಿಸಲು, ಮಾಧ್ಯಮಕ್ಕೆ ಮಿ.ಲೀ.ಗೆ 45 ಮಿ.ಗ್ರಾಂ ಮನುಷ್ಯ ಆಲ್ಬುಮಿನ್ ಮತ್ತು 1 ಮಿ.ಗ್ರಾಂ ಆಲ್ಫಾ-1 ಆಮ್ಲ ಗ್ಲೈಕೋಪ್ರೋಟೀನ್ ಸೇರಿಸಿ ಇಸಿ50 ಮತ್ತೆ ಅಳೆಯಿರಿ. ನಾಲ್ಕೂ ಸೀರೋಟೈಪ್‌ನ ಅಂಕಿಗಳಲ್ಲಿ ಅತಿ ದುರ್ಬಲವಾದುದನ್ನೇ ಗುರಿಗೆ ಆಧಾರವಾಗಿಡಿ, ಸರಾಸರಿಯನ್ನಲ್ಲ. ಹಿಂದೆ ಡೆಂಗಿ ಬಂದವರಲ್ಲಿ ಹಳೆಯ ಆಂಟಿಬಾಡಿ ವೈರಸ್ಸಿಗೇ ದಾರಿ ಮಾಡಿಕೊಡುವುದುಂಟು. ಆ ಸ್ಥಿತಿಯನ್ನು ಕೆ562 ಎಂಬ ಮನುಷ್ಯ ರಕ್ತಕ್ಯಾನ್ಸರ್ ಕೋಶ ಅಥವಾ ರಕ್ತದ ಮೋನೋಸೈಟ್‌ನಲ್ಲಿ ಅನುಕರಿಸಿ, ಅಲ್ಲೂ ಅಣು ನಿಲ್ಲುತ್ತದೆಯೇ ನೋಡಿ.

ಎಲ್ಲಿ ಹೊಡೆಯುತ್ತಿದೆ ಎಂದು ತಿಳಿಯುವುದು

ಡೆಂಗಿಯ ಒಂದು ಸುತ್ತು ಸುಮಾರು 24 ಗಂಟೆ. ಸೋಂಕಿಗೆ ಒಂದು ಗಂಟೆ ಮೊದಲು, ಸೋಂಕಿನೊಂದಿಗೆ, ನಂತರ 2, 4, 8, 12 ಗಂಟೆಗೆ ಬೇರೆ ಬೇರೆ ವೆಲ್‌ಗಳಿಗೆ ಅಣು ಸೇರಿಸಿ, 24ನೇ ಗಂಟೆಗೆ ಎಣಿಸಿ. ಎರಡು ಗಂಟೆ ತಡವಾದರೆ ಪ್ರಭಾವ ಹೋಗುವುದಾದರೆ ಅದು ಪ್ರವೇಶ ತಡೆಯುವ ಅಣು. ಎಂಟು ಗಂಟೆಯವರೆಗೂ ಉಳಿದರೆ ನಕಲು ಹಂತದ್ದು.

ನಿರೋಧಕ ರೂಪಾಂತರಗಳನ್ನು ಜೀವಂತ ವೈರಸ್‌ನಲ್ಲಿ ಹುಟ್ಟುಹಾಕುವ ಬದಲು, ವೈರಸ್ಸಿನ ನಕಲು ಮಾಡುವ ಭಾಗ ಮಾತ್ರ ಇರುವ ರೆಪ್ಲಿಕಾನ್ ಕೋಶಗಳಲ್ಲಿ ನೋಡಿ. ಅವುಗಳಲ್ಲಿ ಕವಚದ ಪ್ರೋಟೀನ್‌ಗಳಿಲ್ಲ, ಹೊರಗೆ ಹರಡುವ ಕಣ ಉಂಟಾಗದು. ಅಣುವಿನ ಸಾಂದ್ರತೆ ಏರಿಸುತ್ತ ಬೆಳೆದು ಉಳಿದವುಗಳ ಆರ್‌ಎನ್‌ಎ ಓದಿದರೆ ಬದಲಾವಣೆ ಯಾವ ಪ್ರೋಟೀನ್‌ನಲ್ಲಿದೆ ಎಂದು ಕಾಣುತ್ತದೆ, ಗುರಿ ಅಲ್ಲೇ ಸಿಕ್ಕಂತೆ. ಕೆಲವೇ ವಾರಗಳಲ್ಲಿ ಒಂದೇ ಬದಲಾವಣೆಯಿಂದ ಪ್ರಬಲತೆ ನೂರು ಪಟ್ಟು ಕುಸಿದರೆ ಆ ಸರಣಿಯ ರಾಸಾಯನಿಕ ರಚನೆಯನ್ನೇ ಮರುಯೋಚಿಸಬೇಕು.

ಪ್ರಾಣಿ ಪ್ರಯೋಗ

ಸಾಮಾನ್ಯ ಇಲಿಗೆ (ಮೌಸ್) ಡೆಂಗಿ ತಗಲುವುದಿಲ್ಲ, ಅದರ ಇಂಟರ್‌ಫೆರಾನ್ ವೈರಸ್ಸನ್ನು ಹತ್ತಿಕ್ಕುತ್ತದೆ. ಹಾಗಾಗಿ ಟೈಪ್-1 ಮತ್ತು ಟೈಪ್-2 ಇಂಟರ್‌ಫೆರಾನ್ ಗ್ರಾಹಕಗಳಿಲ್ಲದ ಎಜಿ129 ಇಲಿ ಬಳಸುತ್ತಾರೆ. ಪ್ರಾಣಿ ನೀತಿ ಸಮಿತಿಯ ಅನುಮತಿ ಪಡೆದ ಮೇಲೆ, ಮೊದಲು ಸೋಂಕಿಲ್ಲದ ಇಲಿಗೆ ಔಷಧ ಕೊಟ್ಟು 24 ಗಂಟೆಗಳ ರಕ್ತಮಟ್ಟ ಅಳೆಯಿರಿ. ಮುಂದಿನ ಡೋಸ್‌ಗೆ ಮುಂಚಿನ ಕನಿಷ್ಠ ಮಟ್ಟ, ಪ್ರೋಟೀನ್ ಅಂಟಿಕೆ ಕಳೆದ ಮೇಲೂ, ಇಸಿ90ಗಿಂತ ಮೇಲಿರದಿದ್ದರೆ ಸೋಂಕಿನ ಪ್ರಯೋಗ ಮಾಡಬೇಡಿ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗೆ ಪ್ರಾಣಿಯ ಜೀವ ತೆಗೆಯುವುದು ಸಲ್ಲದು.

ಸೋಂಕಿನ ದಿನವೇ ಔಷಧ ಶುರುಮಾಡಿದ ಫಲಿತಾಂಶ ಚೆನ್ನಾಗಿ ಬರುವುದು ಸಹಜ, ಆದರೆ ಯಾವ ರೋಗಿಯೂ ಸೊಳ್ಳೆ ಕಚ್ಚಿದ ದಿನವೇ ಆಸ್ಪತ್ರೆಗೆ ಬರುವುದಿಲ್ಲ. ವೈರಸ್ ಏರಿದ ಮೇಲೆ, ಅಂದರೆ ಈ ಮಾದರಿಯಲ್ಲಿ 2 ಅಥವಾ 3ನೇ ದಿನ, ಶುರುಮಾಡುವ ಗುಂಪು ಕಡ್ಡಾಯವಾಗಿರಲಿ. ಜೆಎನ್‌ಜೆ-ಎ07 ಭರವಸೆ ಹುಟ್ಟಿಸಿದ್ದು ವೈರಸ್ ತುದಿಯಲ್ಲಿದ್ದಾಗ ಶುರುಮಾಡಿದರೂ ಅದು ವೈರಸ್ ಪ್ರಮಾಣವನ್ನು ಬೇಗ ಇಳಿಸಿದ್ದಕ್ಕೆ.

ವಿಷಗುಣದ ಅಧ್ಯಯನದಲ್ಲಿ ಅವಧಿ ಮುಖ್ಯ. ಎನ್‌ಐಟಿಡಿ008 ಇಲಿಗಳನ್ನು ಸಾವಿನಿಂದ ಪಾರುಮಾಡಿತು, ಅವಕ್ಕಿಂತ ದೊಡ್ಡ ಜಾತಿಯ ರ‍್ಯಾಟ್‌ಗಳಿಗೆ ಒಂದು ವಾರ ಕೊಟ್ಟಾಗ ಸುರಕ್ಷಿತ ಡೋಸ್ ಸಿಕ್ಕಿತು. ಎರಡು ವಾರ ಕೊಟ್ಟಾಗ ರ‍್ಯಾಟ್‌ನಲ್ಲೂ ನಾಯಿಯಲ್ಲೂ ಸಿಗಲಿಲ್ಲ, ಅಣು ಅಲ್ಲೇ ನಿಂತಿತು. ನ್ಯೂಕ್ಲಿಯೊಸೈಡ್ ಆದರೆ ಮೈಟೋಕಾಂಡ್ರಿಯದ ಪಾಲಿಮರೇಸ್ ಮೇಲಿನ ಪ್ರಭಾವವನ್ನು ಇದಕ್ಕೆ ಮುಂಚೆಯೇ ನೋಡಿ. ಗ್ಲೂಕೋಸ್ ಬದಲು ಗ್ಯಾಲಕ್ಟೋಸ್ ಇರುವ ಮಾಧ್ಯಮದಲ್ಲಿ ಎರಡು ವಾರ ಬೆಳೆಸಿದ ಕೋಶ ಸಾಯುವುದಾದರೆ ಅದು ಎಚ್ಚರಿಕೆಯ ಗಂಟೆ.

ರೋಗಿಗಳಲ್ಲಿ

ವಿಯೆಟ್ನಾಂನಲ್ಲಿ ನ್ಯೂಕ್ಲಿಯೊಸೈಡ್ ಬಗೆಯ ಬಾಲಪಿರಾವಿರ್, ಸಿಂಗಪುರದಲ್ಲಿ ಸೆಲ್ಗೋಸಿವಿರ್ ಎಂಬ ಔಷಧಗಳನ್ನು ರೋಗಿಗಳಲ್ಲಿ ಪರೀಕ್ಷಿಸಿದರು: ಎರಡೂ ಟ್ರಯಲ್‌ಗಳಲ್ಲಿ ಜ್ವರ ಶುರುವಾಗಿ 48 ಗಂಟೆಯೊಳಗಿನವರನ್ನೇ ಸೇರಿಸಿಕೊಂಡರು, ಎರಡರಲ್ಲೂ ವೈರಸ್ ಪ್ರಮಾಣ ಇಳಿಯಲಿಲ್ಲ. ಬಾಲಪಿರಾವಿರ್ ಸೋತದ್ದರ ಕಾರಣ ಆಮೇಲೆ ಹುಡುಕಿದಾಗ ಸಿಕ್ಕ ಸುಳಿವು ಇದು: ಡೆಂಗಿ ತಗಲಿದ ರಕ್ತಕೋಶಗಳು ಉದ್ರಿಕ್ತಗೊಂಡು, ಆ ಅಣುವನ್ನು ಟ್ರೈಫಾಸ್ಫೇಟ್ (ಮೂರು ಫಾಸ್ಫೇಟ್ ಸೇರಿದ ರೂಪ) ಆಗಿ ಬದಲಿಸುವ ಸಾಮರ್ಥ್ಯವನ್ನೇ ಕಳೆದುಕೊಂಡಿದ್ದವು. ಔಷಧವನ್ನು ಮೊದಲು ಹಾಕಿ ಆಮೇಲೆ ಸೋಂಕು ತಗಲಿಸುವ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ. ರಕ್ತಕೋಶಗಳಿಗೆ ಮೊದಲು ಸೋಂಕು ತಗಲಿಸಿ, ಒಂದು ದಿನ ಬಿಟ್ಟು ಔಷಧ ಹಾಕಿ ಟ್ರೈಫಾಸ್ಫೇಟ್ ಅಳೆಯುವ ಪರೀಕ್ಷೆ ಯಾವ ನ್ಯೂಕ್ಲಿಯೊಸೈಡ್‌ಗೂ ತಪ್ಪಬಾರದು.

ಟ್ರಯಲ್ ಯೋಜಿಸುವಾಗ ರಕ್ತದಲ್ಲಿ ವೈರಸ್ಸಿನ ಪ್ರೋಟೀನ್ ಪತ್ತೆಮಾಡುವ ಎನ್‌ಎಸ್‌1 ರ‍್ಯಾಪಿಡ್ ಟೆಸ್ಟ್ ಪಾಸಿಟಿವ್ ಬಂದ ಕೂಡಲೇ, ಸೀರೋಟೈಪ್ ವರದಿಗೆ ಕಾಯದೆ, ಮೊದಲ ಡೋಸ್ ಕೊಡುವ ವ್ಯವಸ್ಥೆ ಮಾಡಿ. ಆ ಡೋಸ್ ಉಳಿದವುಗಳ ಎರಡು ಅಥವಾ ಮೂರು ಪಟ್ಟಿರುವ ಲೋಡಿಂಗ್ ಡೋಸ್ ಆಗಿರಲಿ. ಸ್ಥಿರಮಟ್ಟಕ್ಕೆ ಎರಡು ದಿನ ತೆಗೆದುಕೊಳ್ಳುವ ಔಷಧ ವೈರಸ್ ಹೋದ ಮೇಲೆ ಬಂದು ನಿಲ್ಲುತ್ತದೆ. ದಿನಕ್ಕೆರಡು ಬಾರಿ ರಕ್ತ ತೆಗೆದು ವೈರಸ್ ಪ್ರಮಾಣದ ರೇಖೆಯಡಿಯ ವಿಸ್ತೀರ್ಣ ಲೆಕ್ಕಿಸಿ. ಒಂದೇ ದಿನದ ಅಂಕಿ ಹೋಲಿಸಿದರೆ ತಡವಾಗಿ ಬಂದವರ ಸಹಜ ಇಳಿಕೆ ಔಷಧದ ಗುಣದಂತೆ ತೋರುತ್ತದೆ. ಪ್ಲೇಸಿಬೋ ಗುಂಪಿಗೂ ಔಷಧದ ಗುಂಪಿಗೂ ಜನರನ್ನು ಹಂಚುವಾಗ ಜ್ವರದ ದಿನ ಮತ್ತು ಹಿಂದೆ ಡೆಂಗಿ ಬಂದಿತ್ತೇ ಎಂಬ ಎರಡನ್ನೂ ಸಮತೂಗಿಸಿ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು), ಪ್ಲೇಟ್‌ಲೆಟ್, ಯಕೃತ್ತಿನ ಕಿಣ್ವಗಳನ್ನು ಜ್ವರ ಇಳಿದ ಮೇಲೂ ಕನಿಷ್ಠ 48 ಗಂಟೆ ನೋಡುತ್ತಿರಿ, ಏಕೆಂದರೆ ಸೋರಿಕೆಯ ಹೊತ್ತು ಅದೇ.

ಮಾತ್ರೆಯ ಸ್ಥಿರತೆಯ ಪರೀಕ್ಷೆಯನ್ನು ಇವೆಲ್ಲದರ ಜೊತೆಗೇ ಶುರುಮಾಡಿ. ಡೆಂಗಿ ಇರುವುದು ಬಿಸಿ, ತೇವದ ನಾಡುಗಳಲ್ಲಿ. 30 ಡಿಗ್ರಿ, 75 ಶೇಕಡಾ ತೇವದಲ್ಲಿ ದೀರ್ಘಾವಧಿ, 40 ಡಿಗ್ರಿ, 75 ಶೇಕಡಾದಲ್ಲಿ ಆರು ತಿಂಗಳು ಇಟ್ಟು ನೋಡಬೇಕು. ಅಸ್ಫಟಿಕ ರೂಪದಲ್ಲಿ ಮಾತ್ರ ಕರಗುವ ಅಣುವಾದರೆ, ತೇವ ತಾಗಿ ಅದು ನಿಧಾನಕ್ಕೆ ಹರಳಾಗುತ್ತಿದೆಯೇ ಎಂದು ಪ್ರತಿ ಮಾದರಿಯಲ್ಲೂ ಎಕ್ಸ್-ರೇ ಡಿಫ್ರ್ಯಾಕ್ಷನ್‌ನಲ್ಲಿ ನೋಡಿ. ಮಾತ್ರೆಯಲ್ಲಿ ಔಷಧದ ಪ್ರಮಾಣ ಹಾಗೇ ಇದ್ದು ರಕ್ತಕ್ಕೆ ಸೇರುವುದು ಮಾತ್ರ ಅರ್ಧವಾಗುವುದು ಹೀಗೆಯೇ.